ಮೂರು ತೊಲದ ಬಾಣ

ಹಗುರ ಬಾಣ ವೇಗವಾಗಿ ಹೋಗುತ್ತದೆ, ಭಾರದ ಬಾಣ ಆಳಕ್ಕೆ ಇಳಿಯುತ್ತದೆ. ಎರಡರಲ್ಲಿ ಯಾವುದು ಬೇಕು? ಅಮೆರಿಕದ ಬಿಲ್ಲುಬೇಟೆಗಾರರು ನೂರು ವರ್ಷಗಳಿಂದ ಕೇಳಿಕೊಳ್ಳುತ್ತಿರುವ ಈ ಪ್ರಶ್ನೆಯಲ್ಲಿ ಹೈಸ್ಕೂಲಿನ ಭೌತಶಾಸ್ತ್ರವೂ ಇದೆ, ಒಂದು ಮೂಕಪ್ರಾಣಿಯ ಪ್ರಾಣವೂ ಇದೆ.

ಹಳ್ಳಿಯ ಹುಡುಗರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಕವೆಗೋಲಿಗೆ ರಬ್ಬರ್ ಪಟ್ಟಿ ಕಟ್ಟಿ ಮಾಡಿದ ಕ್ಯಾಟರ್‌ಬಿಲ್ಲಿನಲ್ಲಿ ಹುಣಸೆಬೀಜ ಇಟ್ಟು ಎಳೆದು ಬಿಟ್ಟರೆ ಅದು ಸುಯ್ಯೆಂದು ಹಾರುತ್ತದೆ. ಆದರೆ ಮಾವಿನಕಾಯಿಗೆ ತಗುಲಿದರೂ ಕಾಯಿ ಮಿಸುಕುವುದಿಲ್ಲ. ಅದೇ ರಬ್ಬರಿನಲ್ಲಿ ಗೋಲಿ ಗಾತ್ರದ ಕಲ್ಲು ಇಟ್ಟರೆ ಅಷ್ಟು ವೇಗವಿಲ್ಲ, ಆದರೆ ಕಾಯಿ ತೊಟ್ಟು ಕಳಚಿ ಕೆಳಗೆ ಬೀಳುತ್ತದೆ. ಇನ್ನೂ ಆಸೆಪಟ್ಟು ಮುಷ್ಟಿಗಾತ್ರದ ಕಲ್ಲು ಇಟ್ಟರೆ? ಅದು ಮರವನ್ನೇ ಮುಟ್ಟದೆ ಹತ್ತು ಹೆಜ್ಜೆಯಾಚೆ ಮಣ್ಣಿಗೆ ಬೀಳುತ್ತದೆ. ಎಳೆದ ಕೈ ಒಂದೇ, ರಬ್ಬರ್ ಒಂದೇ. ಬದಲಾದದ್ದು ತೂಕ ಮಾತ್ರ.

ಮಾವಿನಕಾಯಿಯ ವಿಷಯದಲ್ಲಿ ಗುರಿ ತಪ್ಪಿದರೆ ನಷ್ಟವೇನೂ ಇಲ್ಲ. ಆದರೆ ಎದುರಿಗಿರುವುದು ಜೀವವಿರುವ ಜಿಂಕೆಯಾದಾಗ? ಅಮೆರಿಕದ ಹಲವು ರಾಜ್ಯಗಳಲ್ಲಿ ಪರವಾನಗಿ ಪಡೆದು, ಗೊತ್ತುಪಡಿಸಿದ ಋತುವಿನಲ್ಲಿ, ಬಿಲ್ಲುಬಾಣದಿಂದ ಜಿಂಕೆಯನ್ನು ಬೇಟೆಯಾಡುವವರಿದ್ದಾರೆ. ಅವರಲ್ಲಿ ಯಂತ್ರದ ಗಾಲಿಗಳಿಲ್ಲದ ಹಳೆಯ ಬಗೆಯ ಬಿಲ್ಲನ್ನೇ ಹಿಡಿಯುವವರದು ಒಂದು ಪ್ರತ್ಯೇಕ ಪಂಗಡ. ಅವರಿಗೆ ಬಾಣದ ತೂಕವೆಂದರೆ ಅಂಗಡಿಯಲ್ಲಿ ಬಣ್ಣ ನೋಡಿ ಆರಿಸುವ ಸಂಗತಿಯಲ್ಲ. ತೂಕದ ಆಯ್ಕೆ ತಪ್ಪಿದರೆ ಪ್ರಾಣಿ ಗಾಯಗೊಂಡು ಕಾಡು ಸೇರುತ್ತದೆ, ದಿನಗಟ್ಟಲೆ ನರಳುತ್ತದೆ. ಈ ಭಯವೇ ಅವರನ್ನು ಲೆಕ್ಕ ಹಾಕುವಂತೆ ಮಾಡಿದೆ.

ವೈದ್ಯ ಕಲಿತ ಪಾಠ

ಈ ಪಂಗಡದವರು ತಮ್ಮ ಪರಂಪರೆಯನ್ನು ಹೇಳುವಾಗ ಸಾಮಾನ್ಯವಾಗಿ 1911ರಿಂದ ಆರಂಭಿಸುತ್ತಾರೆ. ಆ ವರ್ಷದ ಆಗಸ್ಟ್ ಕೊನೆಯಲ್ಲಿ ಕ್ಯಾಲಿಫೋರ್ನಿಯದ ಓರೋವಿಲ್ ಎಂಬ ಊರಿನ ಹತ್ತಿರ, ಕಸಾಯಿಖಾನೆಯೊಂದರ ಆವರಣದಲ್ಲಿ, ಹಸಿದು ಬಳಲಿದ್ದ ಒಬ್ಬ ಮನುಷ್ಯ ಕಾಣಿಸಿಕೊಂಡ. ಬಿಳಿಯ ವಲಸೆಗಾರರು ಹತ್ತೊಂಬತ್ತನೇ ಶತಮಾನದಲ್ಲಿ ನಡೆಸಿದ ಕೊಲೆಗಳಿಂದ ನಾಶವಾಗಿದ್ದ ಯಾಹಿ ಎಂಬ ಬುಡಕಟ್ಟಿನಲ್ಲಿ ಉಳಿದಿದ್ದ ಕೊನೆಯವನು ಅವನು. ತನ್ನ ಹೆಸರನ್ನು ಅವನು ಹೇಳಲಿಲ್ಲ. ಮಾನವಶಾಸ್ತ್ರಜ್ಞ ಆಲ್‌ಫ್ರೆಡ್ ಕ್ರೋಬರ್ ಅವನನ್ನು 'ಇಶಿ' ಎಂದು ಕರೆದರು. ಅವನ ಭಾಷೆಯಲ್ಲಿ ಆ ಮಾತಿಗೆ 'ಮನುಷ್ಯ' ಎಂದಷ್ಟೇ ಅರ್ಥ.

ಸ್ಯಾನ್‌ಫ್ರಾನ್ಸಿಸ್ಕೊದ ವಿಶ್ವವಿದ್ಯಾಲಯದ ವಸ್ತುಸಂಗ್ರಹಾಲಯದಲ್ಲಿ ಇಶಿಗೆ ಆಶ್ರಯ ಸಿಕ್ಕಿತು. ಪಕ್ಕದ ವೈದ್ಯಕೀಯ ಶಾಲೆಯಲ್ಲಿ ಶಸ್ತ್ರಚಿಕಿತ್ಸೆ ಕಲಿಸುತ್ತಿದ್ದ ಡಾ. ಸ್ಯಾಕ್ಸ್‌ಟನ್ ಪೋಪ್ ಅವನಿಗೆ ವೈದ್ಯರಾದರು, ಗೆಳೆಯರಾದರು, ಕೊನೆಗೆ ಬಿಲ್ಲುವಿದ್ಯೆಯಲ್ಲಿ ಅವನಿಗೇ ಶಿಷ್ಯರಾದರು. ಇಶಿಯ ಬಿಲ್ಲು ಗಿಡ್ಡದು, ಅದರ ಬಲವೂ ಐವತ್ತು ಪೌಂಡಿಗಿಂತ ಕಡಿಮೆ. ಮೈದಾನದಲ್ಲಿ ಗುರಿಹಲಗೆಗೆ ಹೊಡೆಯುವುದರಲ್ಲಿ ಅವನು ಹೇಳಿಕೊಳ್ಳುವಂಥವನಲ್ಲ ಎಂದು ಪೋಪ್ ಗಮನಿಸಿದರು. ಆದರೆ ಕಾಡಿನಲ್ಲಿ ಅವನೇ ಬೇರೆ. ಬೇಟೆಯ ಹಿಂದಿನ ದಿನ ಮೀನು ತಿನ್ನುತ್ತಿರಲಿಲ್ಲ, ಹೊಗೆಸೊಪ್ಪು ಮುಟ್ಟುತ್ತಿರಲಿಲ್ಲ. ಬೆಳಗಿನ ಜಾವ ಎದ್ದು ಮಿಂದು, ಮೈಗೆ ಸುವಾಸನೆಯ ಎಲೆ ಉಜ್ಜಿಕೊಂಡು ಹೊರಡುತ್ತಿದ್ದ. ಪೊದೆಯ ಮರೆಯಲ್ಲಿ ಕುಳಿತು ಮೊಲದ ದನಿ ಅನುಕರಿಸಿ ಪ್ರಾಣಿಗಳನ್ನು ಹತ್ತಿರಕ್ಕೆ ಕರೆಯುತ್ತಿದ್ದ.

ಇಶಿ 1916ರ ಮಾರ್ಚ್ 25ರಂದು ಕ್ಷಯದಿಂದ ತೀರಿಕೊಂಡ. ಅವನಿಂದ ಕಲಿತದ್ದನ್ನು ಪೋಪ್ 1923ರಲ್ಲಿ ಪ್ರಕಟವಾದ ಬಿಲ್ಲುಬೇಟೆಯ ಪುಸ್ತಕದಲ್ಲಿ ಬರೆದರು. ಪುಸ್ತಕ ಓದಿದ ಸಾವಿರಾರು ಮಂದಿ ಬಿಲ್ಲು ಹಿಡಿದರು. 1934ರಲ್ಲಿ ವಿಸ್ಕಾನ್ಸಿನ್ ರಾಜ್ಯ ಬಿಲ್ಲಿನಿಂದ ಜಿಂಕೆ ಬೇಟೆಗೆಂದೇ ಪ್ರತ್ಯೇಕ ಋತುವನ್ನು ಗೊತ್ತುಪಡಿಸಿತು. ಪರಿಸರ ಚಿಂತನೆಗೆ ಹೆಸರಾದ ಆಲ್ಡೊ ಲಿಯೋಪೋಲ್ಡ್ ಕೂಡ ತಮ್ಮ ಬಿಲ್ಲುಬಾಣಗಳನ್ನು ತಾವೇ ಕೆತ್ತಿಕೊಳ್ಳುತ್ತಿದ್ದರು. 1960ರ ದಶಕದ ಕೊನೆಗೆ ಗಾಲಿ ಮತ್ತು ತಂತಿಗಳಿರುವ 'ಕಾಂಪೌಂಡ್' ಬಿಲ್ಲು ಬಂದ ಮೇಲೆ ಬಹುಪಾಲು ಜನ ಅತ್ತ ಹೋದರು. ಉದ್ದನೆಯ ಸಾದಾ ಬಿಲ್ಲನ್ನೋ, ತುದಿ ಹೊರಕ್ಕೆ ಬಾಗಿದ 'ರೀಕರ್ವ್' ಬಿಲ್ಲನ್ನೋ ಬಿಡದೆ ಉಳಿದವರು 'ಸಾಂಪ್ರದಾಯಿಕರು' ಎನಿಸಿಕೊಂಡರು. ಅವರ ಬಿಲ್ಲಿನ ಶಕ್ತಿಗೆ ಮಿತಿಯಿದೆ. ಆದ್ದರಿಂದ ಆ ಶಕ್ತಿಯನ್ನು ಹೇಗೆ ಖರ್ಚು ಮಾಡಬೇಕೆಂಬ ಯೋಚನೆಯೂ ಅವರಿಗೇ ಹೆಚ್ಚು.

ಗ್ರೇನ್ ಮತ್ತು ತೊಲ

ಬಾಣದ ತೂಕವನ್ನು ಅಳೆಯುವುದು ಗ್ರೇನ್‌ನಲ್ಲಿ. ಗ್ರೇನ್ ಎಂದರೆ ಕಾಳು. ಒಂದು ಬಾರ್ಲಿ ಕಾಳಿನ ತೂಕದಿಂದ ಹುಟ್ಟಿದ ಅಳತೆ ಇದು. ನಮ್ಮ ಅಕ್ಕಸಾಲಿಗರು ಗುಲಗಂಜಿ ಇಟ್ಟು ಚಿನ್ನ ತೂಗುತ್ತಿದ್ದಂತೆಯೇ. ಒಂದು ಪೌಂಡಿಗೆ 7000 ಗ್ರೇನ್. ಒಂದು ಗ್ರಾಂಗೆ ಹದಿನೈದೂವರೆಗಿಂತ ತುಸು ಕಡಿಮೆ.

ಈ ಅಳತೆ ನಮಗೆ ಅಷ್ಟೇನೂ ದೂರದ್ದಲ್ಲ. 1833ರಲ್ಲಿ ಬ್ರಿಟಿಷ್ ಆಡಳಿತ ಭಾರತದಲ್ಲಿ ತೊಲದ ತೂಕವನ್ನು ನಿಗದಿಪಡಿಸಿದಾಗ ಅದಕ್ಕೆ ಇಟ್ಟ ಲೆಕ್ಕ 180 ಗ್ರೇನ್, ಅಂದರೆ ಸುಮಾರು 11.66 ಗ್ರಾಂ. ಅಜ್ಜಿಯ ಕಾಲದ ಒಂದು ತೊಲ ಬಂಗಾರ ಎಂದರೆ ಇಷ್ಟು. ಅಮೆರಿಕದ ಬಿಲ್ಲು ತಯಾರಕರ ಸಂಘ ಬೇರೆ ಬೇರೆ ಬಿಲ್ಲುಗಳ ವೇಗವನ್ನು ಹೋಲಿಸಲು ಒಂದು ಮಾದರಿ ಇಟ್ಟುಕೊಂಡಿತು. 60 ಪೌಂಡಿನ ಬಿಲ್ಲು, 30 ಅಂಗುಲದ ಎಳೆತ, 540 ಗ್ರೇನ್ ತೂಕದ ಬಾಣ. ಕಾಕತಾಳೀಯವಾಗಿ ಆ ಮಾದರಿ ಬಾಣದ ತೂಕ ಸರಿಯಾಗಿ ಮೂರು ತೊಲ!

60 ಪೌಂಡಿನ ಬಿಲ್ಲು ಎಂದರೆ ಬಿಲ್ಲು ಅಷ್ಟು ತೂಗುತ್ತದೆ ಎಂದಲ್ಲ. ಹೆದೆಯನ್ನು ಗೊತ್ತಾದಷ್ಟು ಎಳೆದು ಹಿಡಿಯಲು 60 ಪೌಂಡ್, ಅಂದರೆ 27 ಕಿಲೊ ಭಾರ ಎತ್ತಿ ಹಿಡಿಯುವಷ್ಟು ಬಲ ಬೇಕು ಎಂದರ್ಥ. ಬಾಣದ ಗ್ರೇನನ್ನು ಬಿಲ್ಲಿನ ಪೌಂಡಿನಿಂದ ಭಾಗಿಸಿದರೆ 'ಪೌಂಡಿಗೆ ಇಷ್ಟು ಗ್ರೇನ್' ಎಂಬ ಸಂಖ್ಯೆ ಸಿಗುತ್ತದೆ. ಮೇಲಿನ ಮಾದರಿಯಲ್ಲಿ ಅದು 9. ಸಾಂಪ್ರದಾಯಿಕ ಬೇಟೆಗಾರರ ಮಾತುಕತೆ ಶುರುವಾಗುವುದೇ ಈ ಸಂಖ್ಯೆಯಿಂದ.

ಬಿಲ್ಲು ತನಗೇ ಇಟ್ಟುಕೊಳ್ಳುವ ಪಾಲು

ಹೆದೆ ಎಳೆದಾಗ ತೋಳಿನ ಶ್ರಮ ಬಿಲ್ಲಿನಲ್ಲಿ ಶಕ್ತಿಯಾಗಿ ಕೂಡಿಕೊಳ್ಳುತ್ತದೆ. ಬಿಟ್ಟಾಗ ಆ ಶಕ್ತಿಯೆಲ್ಲ ಬಾಣಕ್ಕೇ ಸೇರುವುದಿಲ್ಲ. ಬಿಲ್ಲಿನ ತೋಳುಗಳು ಮತ್ತು ಹೆದೆ ಕೂಡ ಚಲಿಸಬೇಕಲ್ಲ? ಅವು ತಮ್ಮ ಪಾಲನ್ನು ಇಟ್ಟುಕೊಳ್ಳುತ್ತವೆ. ರಾಕೆಟ್ ವಿಜ್ಞಾನಿ ಗೊಡ್ಡಾರ್ಡ್ ಅವರೊಡನೆ ದುಡಿದು ಮುಂದೆ ಬೆಲ್ ಪ್ರಯೋಗಾಲಯ ಸೇರಿದ್ದ ಕ್ಲಾರೆನ್ಸ್ ಹಿಕ್‌ಮನ್ ಮತ್ತು ಭೌತವಿಜ್ಞಾನಿ ಪಾಲ್ ಕ್ಲಾಪ್‌ಸ್ಟೆಗ್ ಈ ವಿಷಯವನ್ನು ಹವ್ಯಾಸಕ್ಕೆಂದು ಹಿಡಿದು ಶಾಸ್ತ್ರವನ್ನಾಗಿ ಮಾಡಿದರು. ಅವರ ಮತ್ತು ಸಂಗಡಿಗರ ಬರಹಗಳು 1947ರಲ್ಲಿ ಪುಸ್ತಕವಾಗಿ ಬಂದವು. ಬಿಲ್ಲಿನಿಂದ ಹೊರಡುವ ಪ್ರತಿ ಬಾಣವೂ ತನ್ನ ತೂಕದ ಜೊತೆಗೆ ಕಣ್ಣಿಗೆ ಕಾಣದ ಇನ್ನೊಂದು ತೂಕವನ್ನೂ ಹೊತ್ತಂತೆ ವರ್ತಿಸುತ್ತದೆ, ಆ ಕಾಣದ ತೂಕ ಒಂದು ಬಿಲ್ಲಿಗೆ ಹೆಚ್ಚುಕಡಿಮೆ ಸ್ಥಿರ ಎಂಬುದು ಕ್ಲಾಪ್‌ಸ್ಟೆಗ್ ತೋರಿಸಿದ ದಾರಿ.

ಇದನ್ನು ಒಂದು ಲೆಕ್ಕದಿಂದ ನೋಡಬಹುದು. ಸುಮಾರು 50 ಪೌಂಡಿನ ಒಂದು ಬಿಲ್ಲು ಬಿಟ್ಟಾಗ 60 ಜೂಲ್ ಶಕ್ತಿ ಕೊಡುತ್ತದೆ, ಅದರ ಕಾಣದ ತೂಕ 10 ಗ್ರಾಂ ಎಂದು ಇಟ್ಟುಕೊಂಡರೆ, ಮೂರು ಬಾಣಗಳ ಕಥೆ ಹೀಗಿರುತ್ತದೆ.

ಎರಡು ತೊಲದ ಬಾಣ (360 ಗ್ರೇನ್): ವೇಗ ಸೆಕೆಂಡಿಗೆ 60 ಮೀಟರ್. ಚಲನಶಕ್ತಿ 42 ಜೂಲ್. ಸಂವೇಗ 1.40.

ಮೂರು ತೊಲದ ಬಾಣ (540 ಗ್ರೇನ್): ವೇಗ 51.6 ಮೀಟರ್. ಚಲನಶಕ್ತಿ 46.7 ಜೂಲ್. ಸಂವೇಗ 1.81.

ನಾಲ್ಕು ತೊಲದ ಬಾಣ (720 ಗ್ರೇನ್): ವೇಗ 46 ಮೀಟರ್. ಚಲನಶಕ್ತಿ 49.4 ಜೂಲ್. ಸಂವೇಗ 2.15.

(ಸಂವೇಗ ಎಂದರೆ ದ್ರವ್ಯರಾಶಿಯನ್ನು ವೇಗದಿಂದ ಗುಣಿಸಿದ್ದು. ಇಲ್ಲಿ ಕಿಲೊಗ್ರಾಂ ಮತ್ತು ಸೆಕೆಂಡಿಗೆ ಮೀಟರ್‌ಗಳ ಲೆಕ್ಕ.)

ವಿದ್ಯಾರ್ಥಿಗಳು ಪೆನ್ಸಿಲ್ ಹಿಡಿದು ತಾಳೆ ನೋಡಬಹುದು. ಬಾಣದ ತೂಕಕ್ಕೆ 10 ಗ್ರಾಂ ಕೂಡಿಸಿ, 120ನ್ನು ಆ ಮೊತ್ತದಿಂದ (ಕಿಲೊಗ್ರಾಂನಲ್ಲಿ) ಭಾಗಿಸಿ, ವರ್ಗಮೂಲ ತೆಗೆದರೆ ವೇಗ ಬರುತ್ತದೆ. ಎರಡರಿಂದ ನಾಲ್ಕು ತೊಲಕ್ಕೆ ಹೋದಾಗ ತೂಕ ಇಮ್ಮಡಿಯಾಯಿತು, ವೇಗ ಮಾತ್ರ ಅರ್ಧಕ್ಕೆ ಇಳಿಯಲಿಲ್ಲ. ಕಾಲುಭಾಗಕ್ಕಿಂತಲೂ ಕಡಿಮೆ ಇಳಿಯಿತು. ಚಲನಶಕ್ತಿ ಸ್ವಲ್ಪ ಏರಿತು, ಸಂವೇಗ ಒಂದೂವರೆಪಟ್ಟು ದಾಟಿತು. ಭಾರದ ಬಾಣ ಬಿಲ್ಲಿನಿಂದ ಹೆಚ್ಚು ಪಾಲನ್ನು ವಸೂಲು ಮಾಡಿಕೊಂಡು ಹೊರಡುತ್ತದೆ ಎಂಬುದೇ ಇದರ ಸಾರ.

ಉಳಿದ ಪಾಲು ಎಲ್ಲಿಗೆ ಹೋಯಿತು? ಎರಡು ತೊಲದ ಬಾಣ ಹೋದಮೇಲೆ ಬಿಲ್ಲಿನಲ್ಲಿ 18 ಜೂಲ್ ಉಳಿದಿದೆ, ನಾಲ್ಕು ತೊಲದ್ದು ಹೋದಮೇಲೆ ಸುಮಾರು 10.6 ಮಾತ್ರ. ಆ ಉಳಿಕೆ ಬಿಲ್ಲನ್ನು ನಡುಗಿಸುತ್ತದೆ, ಕೈಗೆ ಜುಮ್ಮೆನ್ನಿಸುತ್ತದೆ, 'ಟಂಯ್' ಎಂಬ ಸದ್ದು ಮಾಡುತ್ತದೆ. ತೀರ ಹಗುರವಾದ ಬಾಣ ಬಿಟ್ಟರೆ ಬಿಲ್ಲು ಸೀಳಬಹುದು. ಬಾಣವೇ ಇಡದೆ ಹೆದೆ ಎಳೆದು ಬಿಡುವುದಂತೂ ಬಿಲ್ಲನ್ನು ಕೊಂದಂತೆ. ಕಾರಣ, ಆಗ ಅಷ್ಟೂ ಶಕ್ತಿ ಬಿಲ್ಲಿನ ಮೈಮೇಲೆಯೇ ತಿರುಗಿ ಬೀಳುತ್ತದೆ. ಬಿಲ್ಲುಗಾರಿಕೆ ಕಲಿಯುವ ಮಕ್ಕಳಿಗೆ ಮೊದಲ ದಿನವೇ ಹೇಳುವ ಎಚ್ಚರಿಕೆ ಇದು.

ಬಂದೂಕಿನ ಗುಂಡಲ್ಲ

ಬಾಣ ಪ್ರಾಣಿಯನ್ನು ಕೊಲ್ಲುವ ಬಗೆ ಬಂದೂಕಿನದಲ್ಲ. ವೇಗದ ಗುಂಡಿನ ಚಲನಶಕ್ತಿ ಸಾವಿರಾರು ಜೂಲ್. ಬಾಣದ್ದು ಐವತ್ತರ ಆಸುಪಾಸು. ಅದು ಅಪ್ಪಳಿಸಿ ಕೆಡವುವುದಿಲ್ಲ. ಹರಿತವಾದ ಅಲಗು ಎದೆಗೂಡಿನೊಳಕ್ಕೆ ಹೋಗಿ ಶ್ವಾಸಕೋಶವನ್ನೋ ದೊಡ್ಡ ರಕ್ತನಾಳವನ್ನೋ ಕತ್ತರಿಸಬೇಕು. ಆಗ ಪ್ರಾಣಿ ಕೆಲವೇ ಸೆಕೆಂಡುಗಳಲ್ಲಿ ಪ್ರಜ್ಞೆ ತಪ್ಪಿ ಬೀಳುತ್ತದೆ. ಒಂದು ಕಡೆಯಿಂದ ಹೊಕ್ಕು ಇನ್ನೊಂದು ಕಡೆ ಹೊರಬಿದ್ದರೆ ಉತ್ತಮ. ನೆಲದ ಮೇಲೆ ರಕ್ತದ ಜಾಡು ಸಿಗುತ್ತದೆ, ಹುಡುಕಿ ಹೋಗಲು ಸಾಧ್ಯವಾಗುತ್ತದೆ. ಬಾಣ ಅರ್ಧಕ್ಕೇ ನಿಂತರೆ ಪ್ರಾಣಿ ಓಡುತ್ತದೆ. ಜಾಡು ಸಿಗುವುದಿಲ್ಲ.

ಒಳಗೆ ಹೊಕ್ಕ ಬಾಣವನ್ನು ಚರ್ಮ, ಸ್ನಾಯು, ಮೂಳೆಗಳು ತಡೆಯುತ್ತಲೇ ಇರುತ್ತವೆ. ಅಂಥ ತಡೆಯನ್ನು ಮೀರಿ ಸಾಗಬೇಕಾದಾಗ ಸಂವೇಗ ಹೆಚ್ಚಿರುವ ಬಾಣ ನಿಲ್ಲಲು ಹೆಚ್ಚು ಹೊತ್ತು ಹಿಡಿಯುತ್ತದೆ. ಖಾಲಿ ಎತ್ತಿನಗಾಡಿಯನ್ನೂ ಮೂಟೆ ಹೇರಿದ ಗಾಡಿಯನ್ನೂ ಒಂದೇ ಇಳಿಜಾರಿನಲ್ಲಿ ತಡೆದು ನಿಲ್ಲಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಎಡ್ ಆಶ್ಬಿ ಎಂಬ ಅಮೆರಿಕನ್ ಬೇಟೆಗಾರ 1980ರ ದಶಕದಲ್ಲಿ ದಕ್ಷಿಣ ಆಫ್ರಿಕದ ನಟಾಲ್‌ನಲ್ಲಿ ಬೇಟೆಯ ಪ್ರಾಣಿಗಳ ಮೇಲೆ ಬಾಣಗಳ ಪರಿಣಾಮವನ್ನು ದಾಖಲಿಸಲು ಆರಂಭಿಸಿ, ಮುಂದೆ ವರ್ಷಗಟ್ಟಲೆ ಅದನ್ನೇ ಬೆನ್ನುಹತ್ತಿದರು. ದಪ್ಪ ಮೂಳೆಯನ್ನು ನೆಚ್ಚಿಕೆಯಿಂದ ಭೇದಿಸಬೇಕಾದರೆ ಬಾಣ ಸುಮಾರು 650 ಗ್ರೇನ್ ಇರಬೇಕೆಂಬುದು ಅವರ ನಿಲುವು. ಇದನ್ನು ವೇದವಾಕ್ಯದಂತೆ ನಂಬುವವರಿದ್ದಾರೆ. ಆಫ್ರಿಕದ ದೊಡ್ಡ ಪ್ರಾಣಿಗಳಿಗೆ ಸರಿ, ತೆಳು ಪಕ್ಕೆಲುಬಿನ ಬಿಳಿಬಾಲದ ಜಿಂಕೆಗೆ 450-500 ಗ್ರೇನ್ ಸಾಕು ಎನ್ನುವವರೂ ಇದ್ದಾರೆ. ಜಗಳ ಇನ್ನೂ ಮುಗಿದಿಲ್ಲ.

ವೇಗದ ಪರವಾದ ವಾದ

ಹಾಗಾದರೆ ಎಲ್ಲರೂ ನಾಲ್ಕು ತೊಲದ ಬಾಣವನ್ನೇ ಹಿಡಿಯಬಾರದೇಕೆ? ಮುಷ್ಟಿಗಾತ್ರದ ಕಲ್ಲಿನ ನೆನಪು ಇಲ್ಲಿ ಬರುತ್ತದೆ. ಬಾಣ ಹಾರುವಷ್ಟು ಹೊತ್ತೂ ಭೂಮಿ ಅದನ್ನು ಕೆಳಕ್ಕೆ ಎಳೆಯುತ್ತಿರುತ್ತದೆ. ನಿಧಾನವಾದ ಬಾಣಕ್ಕೆ ಹೆಚ್ಚು ಹೊತ್ತು, ಆದ್ದರಿಂದ ಹೆಚ್ಚು ಇಳಿತ. ಮೇಲಿನ ಲೆಕ್ಕದ ಬಿಲ್ಲಿನಲ್ಲಿ 20 ಮೀಟರ್ ದೂರಕ್ಕೆ ಎರಡು ತೊಲದ ಬಾಣ ನೇರ ರೇಖೆಯಿಂದ 54 ಸೆಂಟಿಮೀಟರ್ ಇಳಿಯುತ್ತದೆ, ಮೂರು ತೊಲದ್ದು 74, ನಾಲ್ಕು ತೊಲದ್ದು 93.

ದೂರ ಸರಿಯಾಗಿ ಗೊತ್ತಿದ್ದರೆ ಇದು ತೊಂದರೆಯಲ್ಲ, ಅಷ್ಟು ಮೇಲಕ್ಕೆ ಗುರಿ ಹಿಡಿದರಾಯಿತು. ಆದರೆ ಕಾಡಿನಲ್ಲಿ ಯಾರೂ ಟೇಪು ಹಿಡಿದು ನಿಂತಿರುವುದಿಲ್ಲ. ಸಾಂಪ್ರದಾಯಿಕ ಬಿಲ್ಲುಗಾರನದು ಕಣ್ಣಂದಾಜು. ಅವನು 20 ಮೀಟರ್ ಎಂದುಕೊಂಡದ್ದು ನಿಜವಾಗಿ 23 ಇದ್ದರೆ? ಎರಡು ತೊಲದ ಬಾಣ ಗುರಿಗಿಂತ 9 ಸೆಂಟಿಮೀಟರ್ ಕೆಳಗೆ ತಗಲುತ್ತದೆ, ಮೂರು ತೊಲದ್ದು 13, ನಾಲ್ಕು ತೊಲದ್ದು 16. ಜಿಂಕೆಯ ಎದೆಯಲ್ಲಿ ಮರ್ಮಸ್ಥಾನವೆಂದು ಬೇಟೆಗಾರರು ಎಣಿಸುವ ವೃತ್ತ ಸುಮಾರು 20 ಸೆಂಟಿಮೀಟರ್ ಅಗಲದ್ದು. ನಡುವಿನಿಂದ 10 ಸೆಂಟಿಮೀಟರ್ ತಪ್ಪಬಹುದು, ಅಷ್ಟೇ. ಒಂದೇ ತಪ್ಪಂದಾಜಿಗೆ ಹಗುರ ಬಾಣ ವೃತ್ತದ ಅಂಚಿನಲ್ಲಿ ಉಳಿಯಿತು, ಭಾರದ್ದು ಕಾಲಿನ ಮೂಳೆಯ ಹತ್ತಿರ ಹೋಯಿತು.

ಶಬ್ದದ ಲೆಕ್ಕವೂ ಒಂದಿದೆ. ಹೆದೆಯ ಸದ್ದು 20 ಮೀಟರ್ ದೂರದ ಜಿಂಕೆಯ ಕಿವಿಗೆ 0.06 ಸೆಕೆಂಡಿನಲ್ಲಿ ತಲುಪುತ್ತದೆ. ಬಾಣ ತಲುಪಲು 0.33ರಿಂದ 0.43 ಸೆಕೆಂಡು ಬೇಕು. ಬೆದರಿದ ಜಿಂಕೆ ಆ ನಡುವೆ ಮೈ ಕುಗ್ಗಿಸಿ ಜಿಗಿಯಲು ಸಿದ್ಧವಾಗುತ್ತದೆ. ವೇಗದ ಬಾಣ ಅದಕ್ಕೆ ಕಡಿಮೆ ಸಮಯ ಕೊಡುತ್ತದೆ ಎಂದು ಒಂದು ಪಕ್ಷ. ಭಾರದ ಬಾಣ ಹೊರಟಾಗ ಸದ್ದೇ ಕಡಿಮೆ, ಜಿಂಕೆ ಬೆದರುವುದೇ ಇಲ್ಲ ಎಂದು ಇನ್ನೊಂದು ಪಕ್ಷ. ಎರಡರಲ್ಲೂ ಹುರುಳಿದೆ.

ಕೆಲಸ ಯಾವುದೆಂಬುದರ ಮೇಲೆ ತೂಕ ನಿಲ್ಲುತ್ತದೆ. ಇಸ್ತಾಂಬುಲ್‌ನ ಓಕ್‌ಮೈದಾನಿ ಬಯಲಿನಲ್ಲಿ ಅತಿ ದೂರಕ್ಕೆ ಬಾಣ ಹಾರಿಸುವ ಪಂದ್ಯವಾಡುತ್ತಿದ್ದ ಆಟೊಮನ್ ತುರ್ಕರು ಗರಿಯಷ್ಟು ಹಗುರಾದ ಬಾಣಗಳನ್ನು ಬಳಸುತ್ತಿದ್ದರು. ದಾಖಲೆಯ ಬಾಣ ಬಿದ್ದಲ್ಲಿ ಕಲ್ಲುಕಂಬ ನೆಡುತ್ತಿದ್ದರು. ಒಲಿಂಪಿಕ್ಸ್‌ನಲ್ಲಿ 70 ಮೀಟರ್ ದೂರದ ಹಲಗೆಗೆ ಹೊಡೆಯುವವರಿಗೂ ತೆಳ್ಳಗಿನ ಹಗುರ ಬಾಣವೇ ಬೇಕು. ಆ ಬಾಣ ಹಲಗೆಯಲ್ಲಿ ನಾಲ್ಕು ಬೆರಳು ಚುಚ್ಚಿದರೆ ಸಾಕು. ಬೇಟೆಯ ಬಾಣದ ಕೆಲಸ ಬೇರೆ.

ತೂಕ ಒಂದೇ ಸಾಲದು

ತೂಕ ಗೊತ್ತಾದರೆ ಬಾಣ ಆರಿಸಿದಂತಾಗಲಿಲ್ಲ. ಬಿಟ್ಟ ಕ್ಷಣದಲ್ಲಿ ಬಾಣ ನೇರವಾಗಿ ಹೋಗುವುದಿಲ್ಲ. ಹೆದೆ ಹಿಂದಿನಿಂದ ನೂಕಿದಾಗ ಅದು ಹಾವಿನಂತೆ ಬಾಗಿ, ಬಿಲ್ಲಿನ ಪಕ್ಕದಲ್ಲಿ ಬಳಸಿಕೊಂಡು ಹೋಗಿ, ಆಮೇಲೆ ನೆಟ್ಟಗಾಗುತ್ತದೆ. ಕಣ್ಣಿಗೆ ಕಾಣದ ಈ ಬಾಗುವಿಕೆಯನ್ನು ವೇಗದ ಛಾಯಾಚಿತ್ರಗಳು ತೋರಿಸಿಕೊಟ್ಟವು. ಬಾಣದ ಕೋಲು ಅಗತ್ಯಕ್ಕಿಂತ ಬಿರುಸಾಗಿದ್ದರೂ ಮೆದುವಾಗಿದ್ದರೂ ದಾರಿ ಓರೆಯಾಗುತ್ತದೆ. ಮರದ ಕೋಲಿನ ಬಿರುಸನ್ನು ಅಳೆಯುವ ಕ್ರಮ ಸರಳವಾಗಿದೆ. 26 ಅಂಗುಲ ಅಂತರದ ಎರಡು ಆಧಾರಗಳ ಮೇಲೆ ಕೋಲನ್ನಿಟ್ಟು, ನಡುವೆ ಎರಡು ಪೌಂಡ್ ತೂಕ ತೂಗುಹಾಕಿ, ಎಷ್ಟು ಬಾಗಿತೆಂದು ನೋಡುತ್ತಾರೆ. ಓರೆಯಾಗಿ ಹಾರಿದ ಬಾಣ ಓರೆಯಾಗಿಯೇ ತಗಲುತ್ತದೆ, ಅದರ ಶಕ್ತಿ ಪಕ್ಕಕ್ಕೆ ಪೋಲಾಗುತ್ತದೆ. ನೇರ ಹಾರದ ನಾಲ್ಕು ತೊಲಕ್ಕಿಂತ ನೇರ ಹಾರುವ ಎರಡೂವರೆ ತೊಲ ಮೇಲು.

ತೂಕ ಬಾಣದ ಯಾವ ಕಡೆ ಇದೆ ಎಂಬುದೂ ಮುಖ್ಯ. ಮುಂಭಾಗ ಭಾರವಾಗಿದ್ದರೆ ಹಾರಾಟ ಬೇಗ ಸ್ಥಿರಗೊಳ್ಳುತ್ತದೆ. ಇದು ಹೊಸ ಸಂಶೋಧನೆಯೇನಲ್ಲ. ಇಶಿಯ ಜನ ಬಾಣದ ಮುಂತುದಿಗೆ ಹೆಚ್ಚು ಭಾರದ ಗಟ್ಟಿಮರದ ತುಂಡನ್ನು ಜೋಡಿಸಿ, ಅದಕ್ಕೆ ಕರಿಗಾಜಿನಂಥ ಅಗ್ನಿಶಿಲೆಯ ಮೊನೆ ಕಟ್ಟುತ್ತಿದ್ದರು. ಆದರೆ ಇಲ್ಲೂ ಕೊಡುಕೊಳ್ಳುವಿಕೆಯಿದೆ. ಮೊನೆಯ ತೂಕ ಏರಿಸಿದರೆ ಅದೇ ಕೋಲು ಹೆಚ್ಚು ಬಾಗುತ್ತದೆ, ಹಾಗಾಗಿ ಇನ್ನಷ್ಟು ಬಿರುಸಾದ ಕೋಲು ಹುಡುಕಬೇಕು. ಇವೆಲ್ಲಕ್ಕೂ ಮಿಗಿಲಾಗಿ ಅಲಗು ಹರಿತವಾಗಿರಬೇಕು. ಮೊಂಡು ಅಲಗಿನ ಮುಂದೆ ಯಾವ ಸಂವೇಗವೂ ವ್ಯರ್ಥ.

ಆರಿಸುವ ಕ್ರಮ

ಅನುಭವಿಗಳು ಹೊಸಬರಿಗೆ ಹೇಳಿಕೊಡುವ ಕ್ರಮ ಸ್ಥೂಲವಾಗಿ ಹೀಗಿದೆ. ಮೊದಲು ತಾನು ನಡುಗದೆ, ಪೂರ್ತಿ ಎಳೆದು ಹಿಡಿಯಬಲ್ಲ ಬಿಲ್ಲು ಎಷ್ಟು ಪೌಂಡಿನದೆಂದು ಪ್ರಾಮಾಣಿಕವಾಗಿ ತಿಳಿದುಕೊಳ್ಳಬೇಕು. ಅದನ್ನು 9ರಿಂದ 10ರಲ್ಲಿ ಗುಣಿಸಿದರೆ ಬಾಣದ ತೂಕಕ್ಕೊಂದು ಆರಂಭದ ಅಂದಾಜು. 50 ಪೌಂಡಿಗೆ 450ರಿಂದ 500 ಗ್ರೇನ್, ಅಂದರೆ ಎರಡೂವರೆ ತೊಲದಿಂದ ಮೂರು ತೊಲದ ಒಳಗೆ. ಪ್ರಾಣಿ ದೊಡ್ಡದಾದರೆ 11, 12ಕ್ಕೆ ಏರಿಸಬಹುದು. 8ಕ್ಕಿಂತ ಕೆಳಗೆ ಹೋಗುವ ಮುನ್ನ ಬಿಲ್ಲು ತಯಾರಕರ ಮಾತು ಕೇಳಬೇಕು. ಆಮೇಲೆ ಆ ತೂಕಕ್ಕೆ ಹೊಂದುವ ಬಿರುಸಿನ ಕೋಲು, ಮೊನೆ ಆರಿಸಬೇಕು. ಗರಿ ಕಟ್ಟದ ಬರಿಯ ಕೋಲನ್ನು ಹೊಡೆದು ಅದು ನೇರ ಹಾರುತ್ತದೆಯೇ ಎಂದು ಪರೀಕ್ಷಿಸಬೇಕು. ಬತ್ತಳಿಕೆಯ ಬಾಣಗಳೆಲ್ಲ ಒಂದೇ ತೂಕದ್ದಾಗಿರಬೇಕು. ಹತ್ತು ಗ್ರೇನ್, ಅಂದರೆ ಒಂದು ಗ್ರಾಂನ ಮೂರನೇ ಎರಡು ಭಾಗದಷ್ಟು ವ್ಯತ್ಯಾಸವನ್ನೂ ಕಟ್ಟುನಿಟ್ಟಿನವರು ಸಹಿಸುವುದಿಲ್ಲ.

ಕಾನೂನು ಕೂಡ ಕೆಲವೆಡೆ ಗೆರೆ ಎಳೆದಿದೆ. ಅಲಾಸ್ಕದಲ್ಲಿ ದೊಡ್ಡ ಪ್ರಾಣಿಗಳ ಬೇಟೆಗೆ ಬಾಣ ಕನಿಷ್ಠ 300 ಗ್ರೇನ್ ಇರಬೇಕು. ಬಿಲ್ಲು ಜಿಂಕೆಗೆ 40 ಪೌಂಡ್, ಮೂಸ್ ಮತ್ತು ಕಂದುಕರಡಿಯಂಥವಕ್ಕೆ 50 ಪೌಂಡ್ ಇರಬೇಕು. ಇದು ಕನಿಷ್ಠ ಮಿತಿಯೇ ಹೊರತು ಸಲಹೆಯಲ್ಲ. ಪರೀಕ್ಷೆಯಲ್ಲಿ ಕನಿಷ್ಠ ಅಂಕ ಪಾಸು ಮಾಡಿಸುತ್ತದೆ ಎಂದಮಾತ್ರಕ್ಕೆ ಅಷ್ಟಕ್ಕೇ ಓದುವುದು ಸರಿಯೆ?

ಕಷ್ಟವಿರುವುದು ಬಲ ಕಡಿಮೆಯಿರುವವರಿಗೆ. ಹದಿನಾರರ ಹುಡುಗನೋ ಹುಡುಗಿಯೋ 40 ಪೌಂಡಿನ ಬಿಲ್ಲು ಹಿಡಿದಾಗ ಹೆತ್ತವರಿಗೆ ಎರಡು ಆಸೆಗಳು ಹುಟ್ಟುತ್ತವೆ. ಒಂದು, ಬಾಣವನ್ನು ಹಗುರ ಮಾಡಿ ವೇಗ ಕೊಡೋಣ ಎಂಬುದು. ಇನ್ನೊಂದು, ಮುಂದೆ ಬೆಳೆಯುತ್ತಾರೆಂದು ಈಗಲೇ ದೊಡ್ಡ ಬಿಲ್ಲು ಕೊಡಿಸೋಣ ಎಂಬುದು. ಎರಡೂ ತಪ್ಪೇ. ಹಗುರ ಬಾಣ ಬಿಲ್ಲಿನ ಇರುವ ಅಲ್ಪ ಶಕ್ತಿಯನ್ನೂ ಪೂರ್ತಿ ಪಡೆಯುವುದಿಲ್ಲ. ಅಳತೆ ಮೀರಿದ ಬಿಲ್ಲು ಭುಜದ ಸ್ನಾಯುಗಳನ್ನು ನೋಯಿಸುತ್ತದೆ, ಅರ್ಧಕ್ಕೇ ಎಳೆದು ಬಿಡುವ ಕೆಟ್ಟ ಅಭ್ಯಾಸವನ್ನು ಕಲಿಸುತ್ತದೆ. ಅಂಥವರಿಗೆ ಹೇಳುವ ದಾರಿ ಮೂರನೆಯದು. ಬಿಲ್ಲಿಗೆ ತಕ್ಕ 380-400 ಗ್ರೇನಿನ ಬಾಣ, ಸುಲಭವಾಗಿ ಇಳಿಯುವ ಎರಡೇ ಅಲಗಿನ ಹರಿತ ಮೊನೆ, ಮತ್ತು ಇನ್ನಷ್ಟು ಹತ್ತಿರ.

ಹತ್ತಿರ ಹೋಗುವ ವಿದ್ಯೆ

'ಇನ್ನಷ್ಟು ಹತ್ತಿರ' ಎಂಬಲ್ಲಿ ಇಡೀ ಲೆಕ್ಕ ಬೇರೆಯಾಗುತ್ತದೆ. 20 ಮೀಟರಿನ ಬದಲು 15 ಮೀಟರಿಗೆ ಹೋದರೆ ಕಣ್ಣಂದಾಜಿನ ತಪ್ಪೂ ಕಿರಿದಾಗುತ್ತದೆ. ಅಲ್ಲಿ ಎರಡು ಮೀಟರ್ ತಪ್ಪಿದರೂ ಎರಡು ತೊಲದ ಬಾಣ 5 ಸೆಂಟಿಮೀಟರ್, ಮೂರು ತೊಲದ್ದು 6, ನಾಲ್ಕು ತೊಲದ್ದು 8 ಸೆಂಟಿಮೀಟರ್ ಮಾತ್ರ ಕೆಳಗೆ ಹೋಗುತ್ತದೆ. ಮೂರೂ ವೃತ್ತದ ಒಳಗೇ. ವೇಗ ಕೊಡುವ ಲಾಭ ಕರಗಿತು, ಭಾರ ಕೊಡುವ ಲಾಭ ಉಳಿಯಿತು. ಭಾರದ ಬಾಣವನ್ನು ಆರಿಸಿದವನು ಹತ್ತಿರ ಹೋಗುವ ಕಷ್ಟವನ್ನೂ ಜೊತೆಗೇ ಆರಿಸಿಕೊಂಡಂತೆ. ಆ ಕಷ್ಟ ಬೇಡವೆನ್ನುವವನಿಗೆ ಯಾವ ತೂಕದ ಬಾಣವೂ ಸರಿಹೋಗುವುದಿಲ್ಲ. ಹೊಡೆಯದೆ ಸುಮ್ಮನೆ ಬಿಲ್ಲು ಇಳಿಸುವುದನ್ನೂ ಅಲ್ಲಿಯ ಹಿರಿಯರು ವಿದ್ಯೆಯ ಭಾಗವೆಂದೇ ಹೇಳಿಕೊಡುತ್ತಾರೆ.

ಇಷ್ಟೆಲ್ಲ ಎಚ್ಚರ ವಹಿಸಿದರೂ ಬಿಲ್ಲಿನ ಬೇಟೆಯನ್ನು ಒಪ್ಪದವರಿದ್ದಾರೆ. ಉದ್ದಬಿಲ್ಲಿಗೆ ಹೆಸರಾದ ಇಂಗ್ಲೆಂಡಿನಲ್ಲೇ ಇಂದು ಬಿಲ್ಲಿನಿಂದ ಬೇಟೆಯಾಡುವಂತಿಲ್ಲ. ಭಾರತದಲ್ಲಂತೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ನಿಷೇಧಿಸಿದೆ. ಕಾಯ್ದೆ ಆಯುಧಗಳನ್ನು ಹೆಸರಿಸುವಾಗ ಬಂದೂಕಿನ ಜೊತೆಗೆ ಬಿಲ್ಲುಬಾಣವನ್ನೂ ಸೇರಿಸಿದೆ. ನಮ್ಮ ಮಕ್ಕಳಿಗೆ ಬಿಲ್ಲುಗಾರಿಕೆ ಎಂದರೆ ಹುಲ್ಲಿನ ಹಲಗೆಯ ಮುಂದೆ ನಿಂತು ಕಲಿಯುವ ಕ್ರೀಡೆ. ಅಲ್ಲೂ ತೋಳಿಗೆ ತಕ್ಕ ಬಿಲ್ಲು, ಬಿಲ್ಲಿಗೆ ತಕ್ಕ ಬಾಣ ಎಂಬ ಪಾಠ ಬದಲಾಗುವುದಿಲ್ಲ.

ಐವತ್ತು ಪೌಂಡಿಗೂ ಕಡಿಮೆಯ ಗಿಡ್ಡ ಬಿಲ್ಲು ಹಿಡಿದಿದ್ದ ಇಶಿಗೆ ಜೂಲ್ ಗೊತ್ತಿರಲಿಲ್ಲ, ಗ್ರೇನ್ ಗೊತ್ತಿರಲಿಲ್ಲ. ಬಾಣದ ತುದಿಗೆ ಭಾರದ ಮರವನ್ನು ಏಕೆ ಜೋಡಿಸಬೇಕೆಂದು ಗೊತ್ತಿತ್ತು. ಪೊದೆಯ ಹಿಂದೆ ಉಸಿರು ಬಿಗಿಹಿಡಿದು ಎಷ್ಟು ಹೊತ್ತು ಕಾಯಬೇಕೆಂದೂ ಗೊತ್ತಿತ್ತು. ಹಸಿದ ಹೊಟ್ಟೆಯಲ್ಲಿ, ಮಿಂದ ಮೈಯಲ್ಲಿ ಅವನು ಕೂತಿರುತ್ತಿದ್ದ. ಮೊಲ ತಾನಾಗಿ ಹತ್ತಿರ ಬರುವವರೆಗೆ ಹೆದೆ ಎಳೆಯುತ್ತಿರಲಿಲ್ಲ.